ಗ್ಯಾಂಬಿಟ್ ಅಂದರೆ ಅಡ್ಡಗಾಲು

ರಾಯಚೂರಿನಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವಾಗ ‘ಗ್ಯಾಂಬಿಟ್’, ಅಂದರೆ ಆಟದ ಆರಂಭದಲ್ಲೇ ಎದುರಾಳಿಗೆ ಕಾಲಾಳನ್ನು ಒಡ್ಡುವ ಪಟ್ಟು, ಬಂದ ಕೂಡಲೇ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಸರ್, ಕಾಲಾಳು ಪುಕ್ಕಟೆ ಯಾಕ ಕೊಡಬೇಕ್ರಿ?” ಪದಕ್ಕೆ ‘ತ್ಯಾಗ’ ಎಂದಷ್ಟೇ ಅರ್ಥ ಹೇಳಿದರೆ ಆ ಪ್ರಶ್ನೆ ಏಳುವುದು ಸಹಜ.

ಪದ ಹುಟ್ಟಿದ್ದು ಕುಸ್ತಿಯ ಕಣದಲ್ಲಿ. ಇಟಾಲಿಯನ್ ಭಾಷೆಯಲ್ಲಿ ಗಾಂಬಾ ಎಂದರೆ ಕಾಲು; ಗಾಂಬೆಟ್ಟೊ ಎಂದರೆ ಕಾಲು ಕೊಟ್ಟು ಕೆಡಹುವುದು. ಸ್ಪೇನಿನ ಪಾದ್ರಿ ರುಯ್ ಲೋಪೆಝ್ 1561ರಲ್ಲಿ ಅದನ್ನು ಚೆಸ್ಸಿಗೆ ತಂದರು. ನಮ್ಮ ಜಾತ್ರೆಯ ಕುಸ್ತಿ ನೋಡಿದವರಿಗೆ ಒಂದೇ ಮಾತು ಸಾಕು: ಅಡ್ಡಗಾಲು. ಕಾಲು ಚಾಚಿದವನು ಆ ಗಳಿಗೆ ಒಂಟಿಕಾಲಲ್ಲಿರುತ್ತಾನೆ. ಎದುರಾಳಿ ಆಯ ತಪ್ಪದಿದ್ದರೆ ಮಣ್ಣು ಮುಕ್ಕುವವನು ಅವನೇ.

ಹಸಿಹಸಿ ಉದಾಹರಣೆ ಕಿಂಗ್ಸ್ ಗ್ಯಾಂಬಿಟ್. ಬಿಳಿ ಇ4, ಕಪ್ಪು ಇ5 (ಅಕ್ಷರ ಮನೆಯ ಉದ್ದಸಾಲು, ಅಂಕಿ ಅಡ್ಡಸಾಲು). ಎರಡನೇ ನಡೆಗೇ ಬಿಳಿ ಎಫ್4 ಎಂದು ಕಾಲಾಳನ್ನು ಒಡ್ಡುತ್ತದೆ. ಕಪ್ಪು ಅದನ್ನು ಹೊಡೆದರೆ, ನಡುಮನೆ ಕಾಯುತ್ತಿದ್ದ ಅದರ ಕಾಲಾಳು ಪಕ್ಕಕ್ಕೆ ಸರಿದಂತಾಯಿತು. ಬಿಳಿ ಡಿ4 ಆಡಿ ನಡುವನ್ನು ಹಿಡಿಯಬಹುದು, ಎಫ್ ಸಾಲು ಮುಂದೆ ಆನೆಗೆ ದಾರಿಯಾಗುತ್ತದೆ. ಆದರೆ ರಾಜನ ಪಕ್ಕದ ಬಾಗಿಲೂ ತೆರೆದಿದೆ: ಕಪ್ಪು ಮಂತ್ರಿ ಎಚ್4ಕ್ಕೆ ಬಂದರೆ ನೇರ ಚೆಕ್. ಮಂತ್ರಿಯ ಬದಿಯ ಕಾಲಾಳನ್ನು ಒಡ್ಡುವ ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಇಷ್ಟು ಅಪಾಯವಿಲ್ಲ. ಕೊಟ್ಟ ಕಾಲಾಳು ಸುಲಭವಾಗಿ ವಾಪಸು ಬರುವುದರಿಂದ ಅದನ್ನು ನಿಜವಾದ ಗ್ಯಾಂಬಿಟ್ ಎನ್ನಲು ನನಗೆ ಮನಸ್ಸಿಲ್ಲ.

ಮಕ್ಕಳಿಗೆ ನಾನು ತೋರಿಸುವುದು 1960ರ ಆಟ. ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾ ಟೂರ್ನಿಯಲ್ಲಿ 23 ವರ್ಷದ ಸೋವಿಯತ್ ಆಟಗಾರ ಬೋರಿಸ್ ಸ್ಪಾಸ್ಕಿ ಬಿಳಿ, 17ರ ಅಮೆರಿಕನ್ ಬಾಬಿ ಫಿಶರ್ ಕಪ್ಪು; ಇಬ್ಬರೂ ಮುಂದೆ ವಿಶ್ವ ಚಾಂಪಿಯನ್ ಆದವರು. ಫಿಶರ್ ಕಾಲಾಳನ್ನು ಹೊಡೆದು, ಜಿ5 ಆಡಿ ಅದಕ್ಕೆ ಕಾವಲು ಹಾಕಿದರು. ಸ್ಪಾಸ್ಕಿ ತಕ್ಷಣ ಎಚ್4 ಆಡಿ ಆ ಕಾವಲನ್ನೇ ಕೆದಕಿದರು. ಬಹಳ ಹೊತ್ತು ಯಾರು ಬೀಳುತ್ತಾರೆಂದು ಹೇಳಲಾಗದ ಆಟ. 22ನೇ ನಡೆಯಲ್ಲಿ, ಮೊದಲೇ ತೆರೆದಿಟ್ಟ ಎಫ್ ಸಾಲಿನಿಂದಲೇ ಬಿಳಿ ಆನೆ ನುಗ್ಗಿ ಎಫ್5ರ ಕಾಲಾಳನ್ನು ಹೊಡೆಯಿತು. ಆಮೇಲೆ ಕಪ್ಪು ಒಂಟೆ ಇ7ರಲ್ಲಿ ಸಿಕ್ಕಿಕೊಂಡಿತು. 29ನೇ ನಡೆಗೆ ಅದರ ಕಾವಲಿಗಿದ್ದ ಮಂತ್ರಿಯ ಮೇಲೆಯೇ ಆನೆ ಬಂತು. ಫಿಶರ್ ಸೋಲೊಪ್ಪಿದರು.

ಮರುವರ್ಷ ಅವರು ಕಿಂಗ್ಸ್ ಗ್ಯಾಂಬಿಟ್ ನಿಲ್ಲುವ ಆರಂಭವಲ್ಲ ಎಂದು ಲೇಖನವನ್ನೇ ಬರೆದರು. 1963ರಲ್ಲಿ, ಅಮೆರಿಕದ ಚಾಂಪಿಯನ್‌ಷಿಪ್‌ನಲ್ಲಿ, ಬಿಳಿ ಹಿಡಿದು ತಾವೇ ಅದನ್ನು ಆಡಿ ಗೆದ್ದರು.