ಡೇಟಾ ಲಾಗರ್‌ನ ಮೌನಕ್ಕೆ ಹಲವು ಅರ್ಥ

ಪ್ರಯೋಗಾಲಯದ ಕುಲುಮೆಯ ಉಷ್ಣತೆಯನ್ನು ಸೆಕೆಂಡಿಗೊಮ್ಮೆ ದಾಖಲಿಸುವ ಡೇಟಾ ಲಾಗರ್ ಒಂದನ್ನು ಈಥರ್‌ನೆಟ್ ಕೇಬಲ್ ಮೂಲಕ ಕಂಪ್ಯೂಟರಿಗೆ ನೇರವಾಗಿ ಜೋಡಿಸಿದ್ದೇವೆ ಎಂದುಕೊಳ್ಳಿ. ಲಾಗರ್‌ನ ಪುಟ್ಟ ಪರದೆಯ ಮೇಲೆ ಅಂಕಿಗಳು ಏರುತ್ತಿವೆ. ಕಂಪ್ಯೂಟರಿನ ತಂತ್ರಾಂಶ ಮಾತ್ರ ‘ಉಪಕರಣ ಸಿಗುತ್ತಿಲ್ಲ’ ಎನ್ನುತ್ತಿದೆ. ಆಗ ಹೆಚ್ಚಿನವರು ಎರಡನ್ನೂ ಆಫ್ ಮಾಡಿ ಮತ್ತೆ ಆನ್ ಮಾಡುತ್ತಾರೆ. ಅದರಿಂದ ಸಂಪರ್ಕ ಮರಳುವುದೂ ಉಂಟು, ಆದರೆ ದೋಷ ಎಲ್ಲಿತ್ತೆಂಬ ಸುಳಿವು ಅದರೊಂದಿಗೇ ಅಳಿಸಿಹೋಗುತ್ತದೆ. ‘ಸಿಗುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಹಂತದ ದೋಷಗಳಿದ್ದು, ಪ್ರತಿಯೊಂದೂ ತನ್ನದೇ ಗುರುತು ಬಿಟ್ಟಿರುತ್ತದೆ.

ಕೇಬಲ್ ಸಿಕ್ಕಿಸಿದಲ್ಲಿ ದೀಪ ಹೊತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಹೊತ್ತಿದ್ದರೆ ಕಂಪ್ಯೂಟರಿನ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು, ನೋಡಬೇಕು. ಅದು 169.254 ಎಂದು ಆರಂಭವಾಗಿದ್ದರೆ, ವಿಳಾಸ ಹಂಚುವವರು ಯಾರೂ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಆರಿಸಿಕೊಂಡಿದೆ ಎಂದರ್ಥ. ನಡುವೆ ರೂಟರ್ ಇಲ್ಲದ ನೇರ ಜೋಡಣೆಯಲ್ಲಿ ಇದು ಸಹಜ. ಲಾಗರ್‌ನ ವಿಳಾಸ 192.168.1.50 ಆಗಿದ್ದರೆ, ಎರಡೂ ಒಂದೇ ಸರಣಿಯಲ್ಲಿರುವಂತೆ ಕಂಪ್ಯೂಟರಿಗೆ 192.168.1.10 ಎಂದೂ ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ಸರಣಿಯದೆಂದು ತಿಳಿಸುವ ಸಂಖ್ಯೆ) 255.255.255.0 ಎಂದೂ ನಾವೇ ಕೊಡಬೇಕಾಗುತ್ತದೆ.

ಇಲ್ಲೊಂದು ಬಲೆಯಿದೆ, ಇದರಲ್ಲಿ ಸಿಲುಕಿ ನಾನೊಮ್ಮೆ ಇಡೀ ಮಧ್ಯಾಹ್ನ ಕೇಬಲ್ ಬದಲಿಸುತ್ತ ಕಳೆದಿದ್ದೇನೆ. ಅದೇ ಕಂಪ್ಯೂಟರಿನ ವೈಫೈ ಕೂಡ 192.168.1 ಸರಣಿಯ ವಿಳಾಸವನ್ನೇ ಪಡೆದಿದ್ದರೆ, ಲಾಗರ್‌ಗೆ ಹೋಗಬೇಕಾದ ಸಂದೇಶ ಯಾವ ದಾರಿ ಹಿಡಿಯಬೇಕೆಂಬುದನ್ನು ಕಂಪ್ಯೂಟರೇ ತೀರ್ಮಾನಿಸುತ್ತದೆ. ವೈಫೈ ದಾರಿ ಹಿಡಿದರೆ ಆ ಸಂದೇಶ ಲಾಗರ್ ಇಲ್ಲದ ಜಾಲದಲ್ಲಿ ಲಾಗರನ್ನು ಹುಡುಕಿ ಸೋಲುತ್ತದೆ. ಉಪಕರಣಗಳಿಗೆ 192.168.50ರಂಥ ಪ್ರತ್ಯೇಕ ಸರಣಿಯನ್ನು ಮೀಸಲಿಟ್ಟರೆ ಈ ಗೊಂದಲವೇ ಹುಟ್ಟುವುದಿಲ್ಲ.

ಮುಂದಿನದು ಪಿಂಗ್: ಒಂದು ವಿಳಾಸಕ್ಕೆ ‘ಇದ್ದೀಯಾ?’ ಎಂಬ ಸಂದೇಶ ಕಳುಹಿಸಿ ಉತ್ತರಕ್ಕೆ ಕಾಯುವುದು ಇದರ ಕೆಲಸ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್‌ನ ಸದ್ದಿನಿಂದ ಹೆಸರು ಪಡೆದ ಈ ಪುಟ್ಟ ತಂತ್ರಾಂಶವನ್ನು ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದರು. ಪಿಂಗ್‌ಗೆ ಉತ್ತರ ಬಾರದಿದ್ದರೂ ಉಪಕರಣ ಸತ್ತಿದೆ ಎನ್ನಲಾಗದು, ಏಕೆಂದರೆ ಕೆಲವು ಉಪಕರಣಗಳು ಅದನ್ನು ಕಡೆಗಣಿಸುತ್ತವೆ. ಅದಕ್ಕಿಂತ ನಂಬಲರ್ಹವಾದ ಸಾಕ್ಷಿ ಎಆರ್‌ಪಿ ಪಟ್ಟಿ. ಒಂದೇ ಜಾಲದಲ್ಲಿರುವ ಯಂತ್ರಗಳು ‘ಈ ಐಪಿ ಯಾರದು?’ ಎಂದು ಕೂಗಿ ಕೇಳಿ, ಉತ್ತರವಾಗಿ ಬಂದ ಹಾರ್ಡ್‌ವೇರ್ ವಿಳಾಸವನ್ನು ಅದರಲ್ಲಿ ಬರೆದಿಟ್ಟುಕೊಳ್ಳುತ್ತವೆ. ಆ ವಿಳಾಸದ ಮೊದಲ ಮೂರು ಬೈಟ್‌ಗಳು ಸಾಮಾನ್ಯವಾಗಿ ತಯಾರಕರ ಗುರುತು. ಲಾಗರ್‌ನ ಐಪಿಗೆ ಎದುರಾಗಿ ಯಾವುದೋ ಪ್ರಿಂಟರ್ ಕಂಪನಿಯ ಗುರುತು ಕಂಡರೆ, ಒಂದೇ ಐಪಿಯನ್ನು ಇಬ್ಬರು ಹಂಚಿಕೊಂಡಿದ್ದಾರೆಂದು ತಿಳಿಯಬಹುದು.

ಇಷ್ಟೆಲ್ಲ ಸರಿಯಿದ್ದೂ ತಂತ್ರಾಂಶ ಸೋತರೆ, ದೋಷಸೂಚನೆಯ ಪದಗಳನ್ನು ನಿಧಾನವಾಗಿ ಓದಬೇಕು. ‘ಸಂಪರ್ಕ ನಿರಾಕರಿಸಲಾಗಿದೆ’ ಎಂಬುದು ಒಂದು ರೀತಿಯಲ್ಲಿ ಶುಭಸುದ್ದಿ: ಆಚೆಗಿನ ಯಂತ್ರ ಎಚ್ಚರವಾಗಿದ್ದು ಉತ್ತರಿಸಿದೆ, ನಾವು ತಟ್ಟಿದ ಬಾಗಿಲು ಮಾತ್ರ ತಪ್ಪಿರಬಹುದು. ಈ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಮಾಡ್‌ಬಸ್ ಎಂಬ ಕೈಗಾರಿಕಾ ಸಂವಹನ ಪದ್ಧತಿಯ ಉಪಕರಣಗಳು 502ನೇ ಪೋರ್ಟ್‌ನಲ್ಲಿಯೂ, ಅನೇಕ ಅಳತೆಯ ಉಪಕರಣಗಳು 5025ರಲ್ಲಿಯೂ ಕಿವಿಗೊಟ್ಟಿರುತ್ತವೆ. ಕೆಲವು ಉಪಕರಣಗಳು ಒಂದು ಹೊತ್ತಿಗೆ ಒಂದೇ ಸಂಪರ್ಕವನ್ನು ಒಪ್ಪುತ್ತವೆ. ಅರ್ಧದಲ್ಲೇ ನಿಂತುಹೋದ ಹಿಂದಿನ ಪ್ರೋಗ್ರಾಮ್ ಆ ಜಾಗವನ್ನು ಇನ್ನೂ ಹಿಡಿದಿಟ್ಟಿರಬಹುದು. ನಿರಾಕರಣೆಯೂ ಇಲ್ಲದೆ ಸಮಯ ಮೀರಿದರೆ ಸಂದೇಶಗಳನ್ನು ತಡೆದು ಪರೀಕ್ಷಿಸುವ ನಡುವಿನ ಕಾವಲುಗಾರ ಫೈರ್‌ವಾಲ್ ಮೇಲೆ ಅನುಮಾನ ಹೋಗಬೇಕು. ಲಾಗರ್ ತಾನಾಗಿಯೇ ದತ್ತಾಂಶ ಕಳುಹಿಸುವಂಥದ್ದಾದರೆ ಫೈರ್‌ವಾಲ್‌ನ ಅಡ್ಡಿ ಇನ್ನೂ ಹೆಚ್ಚು, ಏಕೆಂದರೆ ವಿಂಡೋಸ್ ಒಳಬರುವ ಸಂಪರ್ಕಗಳನ್ನು ಅನುಮತಿಯಿಲ್ಲದೆ ಬಿಡುವುದಿಲ್ಲ.

ಕೊನೆಯ ತೊಡಕು ಅತ್ಯಂತ ಚಿಕ್ಕದು. 1990ರಲ್ಲಿ ರೂಪುಗೊಂಡ ಸ್ಕಿಪಿ ಎಂಬ ಆಜ್ಞಾಭಾಷೆಯನ್ನು ಬಲ್ಲ ಉಪಕರಣಕ್ಕೆ ನಕ್ಷತ್ರಚಿಹ್ನೆ, ‘ಐಡಿಎನ್’, ಪ್ರಶ್ನಾರ್ಥಕ ಚಿಹ್ನೆ ಇಷ್ಟನ್ನೇ ಕಳುಹಿಸಿದರೆ ಅದು ತನ್ನ ಪರಿಚಯ ಹೇಳಬೇಕು. ಆದರೆ ಆಜ್ಞೆಯ ಕೊನೆಯಲ್ಲಿ ‘ಸಾಲು ಮುಗಿಯಿತು’ ಎನ್ನುವ ಕಣ್ಣಿಗೆ ಕಾಣದ ಅಕ್ಷರ ಬಿಟ್ಟುಹೋಗಿದ್ದರೆ, ಮಾತು ಇನ್ನೂ ಮುಗಿದಿಲ್ಲವೆಂದು ಉಪಕರಣ ಕಾಯುತ್ತಲೇ ಇರುತ್ತದೆ. ಆ ಒಂದು ಅಕ್ಷರ ಸೇರಿಸಿದೊಡನೆ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಫರ್ಮ್‌ವೇರ್ ಆವೃತ್ತಿ ಒಂದೇ ಸಾಲಿನಲ್ಲಿ ಬರುತ್ತವೆ. ಇನ್ನು ಕುಲುಮೆಯ ಉಷ್ಣತೆಯನ್ನು ಕೇಳಬಹುದು.