ಜೇಮ್ಸ್ ವೆಡೆಲ್: ತೊಗಲಿನ ಬೆನ್ನು ಹತ್ತಿ ದಕ್ಷಿಣಕ್ಕೆ

ಅಂಟಾರ್ಕ್ಟಿಕಾದ ಭೂಪಟದಲ್ಲಿ ವೆಡೆಲ್ ಸಮುದ್ರದ ಹೆಸರನ್ನು ಓದಿದವರಿಗೆ ಆತ ಯಾವುದೋ ವಿಜ್ಞಾನಯಾತ್ರೆಯ ನಾಯಕನೆಂದು ತೋರಬಹುದು. ವಾಸ್ತವದಲ್ಲಿ ಅವನನ್ನು ಅಲ್ಲಿಗೆ ಎಳೆದದ್ದು ಸೀಲ್‌ಗಳ ತೊಗಲು. 1787ರಲ್ಲಿ ಹುಟ್ಟಿದ ವೆಡೆಲ್ ಬ್ರಿಟಿಷ್ ನೌಕಾಪಡೆಯಲ್ಲಿ ದುಡಿದು, ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಅರ್ಧ ವೇತನಕ್ಕಿಳಿದು, 1819ರಲ್ಲಿ ಜೇನ್ ಎಂಬ 160 ಟನ್ನಿನ ಹಡಗಿನ ನಾಯಕನಾಗಿ ಸೀಲ್ ಬೇಟೆಗೆ ಹೊರಟನು. ಅಂಟಾರ್ಕ್ಟಿಕಾದ ಬಳಿಯ, ಸೀಲ್ ತುಂಬಿದ್ದ ದಕ್ಷಿಣ ಶೆಟ್ಲೆಂಡ್ ದ್ವೀಪಗಳನ್ನು ಬ್ರಿಟಿಷ್ ನಾವಿಕ ವಿಲಿಯಂ ಸ್ಮಿತ್ ಕಂಡದ್ದೂ ಅದೇ ವರ್ಷ.

ಈ ಕಸುಬಿನ ಒಂದು ಗುಣವನ್ನು ಗಮನಿಸದಿದ್ದರೆ ಮುಂದಿನ ಯಾನ ಅರ್ಥವಾಗುವುದಿಲ್ಲ. ತುಪ್ಪುಳಿನ ಸೀಲ್‌ಗಳು ಮರಿ ಹಾಕಲು ದಡಕ್ಕೆ ಗುಂಪುಗೂಡಿ ಬರುವುದರಿಂದ ಕೆಲವೇ ಋತುಗಳಲ್ಲಿ ಒಂದು ದ್ವೀಪವನ್ನು ಬರಿದು ಮಾಡಬಹುದಾಗಿತ್ತು. ಬರಿದಾದ ಮೇಲೆ ಹೊಸ ದಡ ಹುಡುಕದೆ ಗತಿಯಿರಲಿಲ್ಲ. 1823ರ ಆರಂಭದಲ್ಲಿ, ಜೇನ್ ಹಾಗೂ 65 ಟನ್ನಿನ ಬೋಫಾಯ್ ಹಡಗುಗಳೊಡನೆ ದಕ್ಷಿಣ ಆರ್ಕ್ನಿ ದ್ವೀಪಗಳಲ್ಲಿ ಸಾಕಷ್ಟು ಬೇಟೆ ಸಿಗದ ವೆಡೆಲ್ ಇನ್ನೂ ಕೆಳಗೆ ನೆಲವಿದ್ದೀತೆಂದು ಹೊರಟನು. ನೆಲ ಸಿಗಲಿಲ್ಲ. ಆದರೆ ಆ ವರ್ಷ ಹಿಮಗಡ್ಡೆಗಳು ದಾರಿ ಬಿಟ್ಟಿದ್ದರಿಂದ ಫೆಬ್ರವರಿ 20ರಂದು ಅವನು 74 ಡಿಗ್ರಿ 15 ನಿಮಿಷ ದಕ್ಷಿಣ ಅಕ್ಷಾಂಶ ಮುಟ್ಟಿದನು. ಇದು 1774ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ತಲುಪಿದ್ದ ಎಡೆಗಿಂತ ಮೂರು ಡಿಗ್ರಿ ಆಚೆಗಿತ್ತು. ಎದುರುಗಾಳಿ ಬೀಸುತ್ತಿತ್ತು, ಋತುವೂ ಮುಗಿಯುತ್ತ ಬಂದಿತ್ತು, ಅವನು ಹಿಂದಿರುಗಿದನು. ತೆರೆದ ನೀರಿಗೆ ನಾಲ್ಕನೆಯ ಜಾರ್ಜ್ ದೊರೆಯ ಹೆಸರಿಟ್ಟನು; 1900ರಲ್ಲಿ ಅದು ವೆಡೆಲ್ ಸಮುದ್ರವಾಯಿತು. ಅದೇ ನೀರಿನಲ್ಲಿ 1915ರಲ್ಲಿ ಧ್ರುವಯಾತ್ರಿ ಶ್ಯಾಕಲ್ಟನ್ನನ ಹಡಗು ಹಿಮದ ನಡುವೆ ನಜ್ಜುಗುಜ್ಜಾಯಿತು ಎಂಬುದನ್ನು ನೆನೆದರೆ, ವೆಡೆಲ್‌ಗೆ ಸಿಕ್ಕ ಋತು ಎಷ್ಟು ಅಪರೂಪದ್ದೆಂಬುದು ತಿಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಆ ದಾಖಲೆಗಿಂತ ಹೆಚ್ಚು ಬೆಲೆಯುಳ್ಳದ್ದು 1825ರ ಅವನ ಪ್ರವಾಸಕಥನದಲ್ಲಿರುವ ಲೆಕ್ಕ. 1821 ಮತ್ತು 1822ರಲ್ಲಿ ದಕ್ಷಿಣ ಶೆಟ್ಲೆಂಡ್‌ನಿಂದ 3,20,000 ತೊಗಲುಗಳು ಹೋದವೆಂದೂ, ತಾಯಿ ಸತ್ತು ಅನಾಥವಾದ ಸುಮಾರು ಒಂದು ಲಕ್ಷ ಮರಿಗಳು ಹಸಿದು ಸತ್ತವೆಂದೂ ಅವನು ಅಂದಾಜಿಸುತ್ತಾನೆ. ಮರಿಗಳು ಈಜು ಕಲಿಯುವವರೆಗೆ ತಾಯಂದಿರನ್ನು ಕೊಲ್ಲದೆ ಬಿಟ್ಟಿದ್ದರೆ ವರ್ಷಕ್ಕೆ ಒಂದು ಲಕ್ಷ ತೊಗಲು ಬಹುಕಾಲ ಸಿಗುತ್ತಿತ್ತು ಎಂಬುದು ಅವನ ವಾದ. ಇಲ್ಲಿ ಕರುಣೆಗಿಂತ ವ್ಯಾಪಾರಿಯ ದೂರದೃಷ್ಟಿಯೇ ಹೆಚ್ಚೆನ್ನಬಹುದು. ಆದರೂ ಬೇಟೆಗಾರನೇ ಬೇಟೆಯ ಮಿತಿಯನ್ನು ಎಣಿಸಿ ಬರೆದದ್ದು ಆ ಕಾಲಕ್ಕೆ ಸಾಮಾನ್ಯವಲ್ಲ.

ಮುಂದೆ ಜೇನ್ ಹಡಗು ಕೈತಪ್ಪಿತು, ಹಣವೂ ಕರಗಿತು. 1834ರಲ್ಲಿ, ತನ್ನ 47ನೆಯ ವಯಸ್ಸಿನಲ್ಲಿ, ಅವನು ಲಂಡನ್ನಿನಲ್ಲಿ ಬಡತನದಲ್ಲೇ ತೀರಿಕೊಂಡನು.