ಬಿಸಿಯಾದರೆ ಸೋಲುವ ಮೋವರ್: ಹೈಡ್ರೋ ಪಂಪ್ ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ

"ಶುರುವಿನಲ್ಲಿ ಚೆನ್ನಾಗೇ ಓಡುತ್ತೆ. ಒಂದು ಗಂಟೆ ಹುಲ್ಲು ಹೊಡೆದ ಮೇಲೆ ಏರು ಹತ್ತೋದೇ ಇಲ್ಲ." ಹಳೇ ಜೀರೋ-ಟರ್ನ್ ಮೋವರ್ (ಕೂತು ಓಡಿಸುವ, ನಿಂತಲ್ಲೇ ತಿರುಗಬಲ್ಲ ಹುಲ್ಲು ಹೊಡೆಯುವ ಗಾಡಿ) ರಿಪೇರಿಗೆ ತರುವವರು ಸಾಮಾನ್ಯವಾಗಿ ಹೇಳುವ ಮಾತು ಇದು. ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: "ಪಂಪ್ ಹೋಗಿದೆ, ಬದಲಾಯಿಸಿಬಿಡಿ." ಮೊದಲನೇ ಮಾತನ್ನು ನಾನು ಹಾಗೇ ನಂಬುತ್ತೇನೆ. ಎರಡನೆಯದನ್ನು ನೋಡಿದ ಮೇಲೇ ನಂಬುವುದು.

ಈ ಗಾಡಿಯಲ್ಲಿ ಕ್ಲಚ್ ಇಲ್ಲ, ಗೇರ್ ಹಾಕುವ ಕೆಲಸವೂ ಇಲ್ಲ. ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಹೈಡ್ರೋ ಪಂಪು, ಅಂದರೆ ಆಯಿಲ್ ತಳ್ಳುವ ಪಂಪು. ಎರಡನ್ನೂ ಎಂಜಿನ್ ಬೆಲ್ಟಿನಿಂದ ತಿರುಗಿಸುತ್ತದೆ. ಪಂಪಿನೊಳಗೆ ಒಂದು ಸಿಲಿಂಡರ್ ಬ್ಲಾಕ್, ಅದರ ತೂತುಗಳಲ್ಲಿ ಸಣ್ಣ ಸಣ್ಣ ಪಿಸ್ಟನ್‌ಗಳು. ಅವುಗಳ ತುದಿ ಸ್ವಾಶ್ ಪ್ಲೇಟ್ ಅನ್ನುವ ವಾಲುವ ತಟ್ಟೆಗೆ ಒರಗಿರುತ್ತದೆ. ಲಿವರ್ ತಳ್ಳಿದರೆ ತಟ್ಟೆ ವಾಲುತ್ತದೆ, ಪಿಸ್ಟನ್‌ಗಳು ಒಳಕ್ಕೂ ಹೊರಕ್ಕೂ ಆಡುತ್ತವೆ, ಆಯಿಲ್ ಒತ್ತಡದಲ್ಲಿ ಚಕ್ರದ ಮೋಟರಿಗೆ ಹೋಗಿ ಅದನ್ನು ತಿರುಗಿಸುತ್ತದೆ. ಹಿಂದಕ್ಕೆ ಎಳೆದರೆ ಹರಿವು ಉಲ್ಟಾ. ತಟ್ಟೆ ನೆಟ್ಟಗೆ ನಿಂತರೆ ಪಂಪ್ ತಿರುಗುತ್ತಿದ್ದರೂ ಚಕ್ರ ನಿಂತಲ್ಲೇ ಇರುತ್ತದೆ.

ಹೈಡ್ರೋ-ಗೇರ್ ಕಂಪನಿಯ ಬಿಡಿಪಿ-10ಎ ಪಂಪನ್ನೇ ತಗೊಳ್ಳಿ. ಒಂದು ಸುತ್ತಿಗೆ ಹೆಚ್ಚೆಂದರೆ 10 ಸಿಸಿ ಆಯಿಲ್ ತಳ್ಳುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ 30 ಲೀಟರ್. ಇಷ್ಟೊಂದು ಆಯಿಲನ್ನು ಒತ್ತಡದಲ್ಲಿ ಹಿಡಿದಿಡಲು ಪಿಸ್ಟನ್ ಸುತ್ತ ರಿಂಗ್ ಇಲ್ಲ, ರಬ್ಬರ್ ಇಲ್ಲ. ಪಿಸ್ಟನ್ನಿಗೂ ತೂತಿಗೂ ನಡುವಿನ ಕಿರಿದಾದ ಸಂದು, ಅದರಲ್ಲಿ ನಿಂತ ಆಯಿಲ್, ಅಷ್ಟೇ. ಬ್ಲಾಕಿನ ಮುಖ ವಾಲ್ವ್ ಪ್ಲೇಟಿನ (ಆಯಿಲ್ ಬರುವ, ಹೋಗುವ ದಾರಿಗಳಿರುವ ತಟ್ಟೆ) ಮೇಲೆ ತಿರುಗುವ ಜಾಗದಲ್ಲೂ ಹಾಗೇ.

ಬಿಸಿಯಾದರೆ ಸೋಲುವುದು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಸವೆದು ಸಂದು ಎರಡು ಪಟ್ಟಾದರೆ ಸೋರಿಕೆ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಅದರ ಮೇಲೆ ಆಯಿಲ್ ಬೇರೆ ತೆಳುವಾಗುತ್ತದೆ. ಈ ಪಂಪುಗಳಿಗೆ ಹಾಕುವ 20ಡಬ್ಲ್ಯೂ-50 ಆಯಿಲ್ 40 ಡಿಗ್ರಿಯಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಎಂಟು-ಒಂಬತ್ತು ಪಟ್ಟು ತೆಳು. ತಣ್ಣಗಿದ್ದಾಗ ದಪ್ಪ ಆಯಿಲ್ ಸವೆತವನ್ನು ಮುಚ್ಚಿಕೊಂಡಿರುತ್ತದೆ. ಬಿಸಿಯಾದಾಗ ಬಂಡವಾಳ ಬಯಲಾಗುತ್ತದೆ. ಹಾಗಾಗಿ ತಣ್ಣನೆಯ ಗಾಡಿಯನ್ನು ಅಂಗಳದಲ್ಲಿ ಎರಡು ಸುತ್ತು ಓಡಿಸಿ "ಚೆನ್ನಾಗೇ ಇದೆಯಲ್ಲಾ" ಅನ್ನುವುದರಲ್ಲಿ ಅರ್ಥವಿಲ್ಲ.

ಸ್ಪ್ಯಾನರ್ ಹಿಡಿಯುವ ಮುಂಚೆ ನಾನು ಕೇಳುವ ಪ್ರಶ್ನೆ ಒಂದೇ: ಸೋಲುವುದು ಒಂದು ಕಡೆಯೋ, ಎರಡೂ ಕಡೆಯೋ? ಎರಡೂ ಒಟ್ಟಿಗೆ ಸೋತರೆ ಎರಡಕ್ಕೂ ಸಾಮಾನ್ಯವಾದದ್ದನ್ನು ಹುಡುಕಬೇಕು. ಅಂದರೆ ಬೆಲ್ಟು, ಆಯಿಲ್ ಮಟ್ಟ, ಕಟ್ಟಿಕೊಂಡ ಫಿಲ್ಟರ್. ಬೆಲ್ಟ್ ನೋಡುವುದು ಅಂದರೆ ಬೆರಳಿನಿಂದ ಒತ್ತಿ ಬಿಡುವುದಲ್ಲ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಐಡ್ಲರ್ ಪುಲ್ಲಿ ಇರುವ ತೋಳನ್ನು ಕೈಯಲ್ಲಿ ಎಳೆದು ಬಿಡಿ. ಸ್ಪ್ರಿಂಗ್ ಅದನ್ನು ಟಕ್ ಅಂತ ವಾಪಸ್ ಎಳೆದುಕೊಳ್ಳಬೇಕು. ಹಳೇ ಗಾಡಿಯಲ್ಲಿ ಆ ತೋಳು ತಿರುಗುವ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಎಳೆದರೆ ಎಲ್ಲಿ ಬಿಟ್ಟೆವೋ ಅಲ್ಲೇ ನಿಲ್ಲುತ್ತದೆ. ಬೆಲ್ಟಿನ ಬದಿ ಸುಟ್ಟು ನುಣುಪಾಗಿ ಹೊಳೆಯುತ್ತಿರುತ್ತದೆ. ಬೋಲ್ಟ್ ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿ ಹೊಸ ಬೆಲ್ಟ್ ಏರಿಸಿದರೆ "ಹೋದ ಪಂಪು" ಎರಡೂ ವಾಪಸ್ ಬರುತ್ತವೆ!

ಒಂದೇ ಕಡೆ ಸೋತರೆ ಆ ಕಡೆಯ ಬೈಪಾಸ್ ವಾಲ್ವ್ ಪೂರ್ತಿ ಮುಚ್ಚಿದೆಯಾ ನೋಡಿ. ಗಾಡಿಯನ್ನು ಕೈಯಲ್ಲಿ ತಳ್ಳಲು ಅದನ್ನು ಸಡಿಲಿಸಿ, ಅರ್ಧ ಸುತ್ತು ಹಾಗೇ ಬಿಟ್ಟಿದ್ದರೂ ಸಾಕು, ಆಯಿಲ್ ಮೋಟರಿಗೆ ಹೋಗದೇ ಅಡ್ಡದಾರಿ ಹಿಡಿಯುತ್ತದೆ. ಬ್ರೇಕ್ ಹಿಡಿದುಕೊಂಡಿದೆಯಾ? ಲಿವರಿನ ಕಡ್ಡಿ ಸವೆದು ಸ್ವಾಶ್ ಪ್ಲೇಟ್ ಪೂರ್ತಿ ವಾಲುತ್ತಿಲ್ಲವಾ? ಎಲ್ಲಾ ಸರಿ ಇದ್ದರೆ ಉಳಿದದ್ದು ಪಂಪು ಅಥವಾ ಚಕ್ರದ ಮೋಟರು.

ಇವೆರಡರಲ್ಲಿ ಯಾವುದು? ಹೋಸ್ ಇರುವ ಗಾಡಿಯಲ್ಲಿ ಹೋಸ್‌ಗಳನ್ನು ಅದಲು ಬದಲು ಮಾಡಿ. ಎಡ ಪಂಪಿನ ಎರಡೂ ಹೋಸ್ ಬಲ ಮೋಟರಿಗೆ, ಬಲದ್ದು ಎಡಕ್ಕೆ. ಸೋಲು ಇನ್ನೊಂದು ಚಕ್ರಕ್ಕೆ ಹೋದರೆ ತಪ್ಪು ಪಂಪಿನದು, ಇದ್ದ ಚಕ್ರದಲ್ಲೇ ಉಳಿದರೆ ಮೋಟರಿನದು. ಈ ಸ್ಥಿತಿಯಲ್ಲಿ ಎಡ ಲಿವರ್ ಬಲಚಕ್ರ ಓಡಿಸುತ್ತದೆ ಅನ್ನುವುದು ನೆನಪಿರಲಿ. ಬ್ಲೇಡ್ ಬಂದ್ ಮಾಡಿ, ಸಮತಟ್ಟು ಬಯಲಿನಲ್ಲಿ ನಿಧಾನಕ್ಕೆ ಓಡಿಸಿ ನೋಡಬೇಕು. ಪಂಪು ಮೋಟರು ಒಂದೇ ಡಬ್ಬಿಯಲ್ಲಿರುವ ಮಾದರಿಗಳಲ್ಲಿ ಈ ಉಪಾಯ ನಡೆಯುವುದಿಲ್ಲ.

ಪಂಪೇ ಅಂತ ಖಾತ್ರಿಯಾಯಿತು. ಇನ್ನು ಬಿಚ್ಚುವುದು. ಮೊದಲು ಹೊರಗಿನ ಹುಲ್ಲು, ಕೊಳೆ ಎಲ್ಲಾ ತೊಳೆದು ಒಣಗಿಸಿ. ಎಂಡ್ ಕ್ಯಾಪ್ (ಪಂಪಿನ ತುದಿಯ ಮುಚ್ಚಳ) ಯಾವ ದಿಕ್ಕಿಗಿತ್ತು, ಸೋರಿದಷ್ಟು ಆಯಿಲನ್ನು ಮತ್ತೆ ತುಂಬಿಕೊಡುವ ಸಣ್ಣ ಚಾರ್ಜ್ ಪಂಪಿನ ಹೊರ ಬಳೆ ಹೇಗೆ ಕೂತಿತ್ತು, ಫೋಟೋ ತೆಗೆದುಕೊಳ್ಳಿ, ಗುರುತು ಹಾಕಿ. ಉಲ್ಟಾ ಕೂರಿಸಿದರೆ ಪಂಪ್ ಆಯಿಲನ್ನೇ ಎಳೆಯದೇ ಇರಬಹುದು. ಬೋಲ್ಟ್‌ಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚಬೇಡಿ, ಎದುರು ಬದುರು ಸ್ವಲ್ಪ ಸ್ವಲ್ಪ ಸಡಿಲಿಸಿ. ಒಳಗಿನ ಸ್ಪ್ರಿಂಗುಗಳು ಕ್ಯಾಪನ್ನು ತಳ್ಳುತ್ತಿರುತ್ತವೆ.

ಎಲ್ಲಾ ತೀರ್ಮಾನವಾಗುವುದು ಬ್ಲಾಕಿನ ಮುಖದಲ್ಲಿ. ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಂದೇ ಸಮನಾದ ಮಂಕು ಹೊಳಪಿದ್ದರೆ ಅದು ಬರೀ ದುಡಿದ ಗುರುತು. ಸುತ್ತಲೂ ಬಳೆಬಳೆಯಾಗಿ ಗೆರೆ ಕಂಡರೆ ಉಗುರನ್ನು ಅಡ್ಡ ಎಳೆಯಿರಿ. ಉಗುರು ಜಾರಿದರೆ ಉಳಿಸಬಹುದು. ಸಿಕ್ಕಿಕೊಂಡರೆ ಆ ಬ್ಲಾಕಿನ ಆಸೆ ಬಿಡಿ. ವಾಲ್ವ್ ಪ್ಲೇಟಿಗೂ ಇದೇ ಲೆಕ್ಕ. ಕೆಲವು ಪಂಪಿನಲ್ಲಿ ಅದು ಬೇರೆ ತಟ್ಟೆ, ಕೆಲವದರಲ್ಲಿ ಎಂಡ್ ಕ್ಯಾಪಿನ ಒಳಮೈಯೇ.

ಎಮರಿ ಪೇಪರಿನಲ್ಲಿ ತೀಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಸಣ್ಣ ಗೆರೆಗೆ ಆಗುತ್ತದೆ. ದಪ್ಪ ಗಾಜಿನ ಮೇಲೆ 2000 ನಂಬರಿನ ಪೇಪರ್ ಅಂಟಿಸಿ, ಆಯಿಲ್ ಹಾಕಿ, ಒತ್ತದೇ ಎಂಟರ ಆಕಾರದಲ್ಲಿ ತೀಡಬೇಕು. ಆದರೆ ಮುಖ ಚಪ್ಪಟೆಯಾಗಿದ್ದರೆ ಮಾತ್ರ. ಉಬ್ಬುಮುಖದ ಬ್ಲಾಕ್ ತೀಡಿದರೆ ಕಥೆ ಮುಗಿದಂತೆ. ಆಮೇಲೆ ಪೇಪರಿನ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆಯಬೇಕು. ನನ್ನ ಮಟ್ಟಿಗೆ ಇದು ಬಿಡಿಭಾಗ ಸಿಗದೇ ಹೋದಾಗ ಮಾಡುವ ಕೆಲಸ. ತೀಡುವುದರಿಂದ ಮುಖ ಸರಿಹೋಗಬಹುದು, ಸವೆದ ಪಿಸ್ಟನ್ ತೂತು ಸರಿಹೋಗುವುದಿಲ್ಲ. ಪಿಸ್ಟನ್ ಸಮೇತ ಬರುವ ಬ್ಲಾಕ್ ಕಿಟ್ ಹಾಕುವುದೇ ವಾಸಿ. ಜೊತೆಗೆ ಸೀಲುಗಳು, ಸ್ವಾಶ್ ಪ್ಲೇಟಿನ ಥ್ರಸ್ಟ್ ಬೇರಿಂಗು. ಸ್ವಾಶ್ ಪ್ಲೇಟಿನ ಟ್ರನಿಯನ್ (ಅದು ವಾಲುವಾಗ ತಿರುಗುವ ಗೂಟ) ಕೂರುವ ತೂತು ಹೌಸಿಂಗಿನಲ್ಲೇ, ಅಂದರೆ ಪಂಪಿನ ಹೊರಕವಚದಲ್ಲೇ, ಸವೆದು ಅಲ್ಲಾಡುತ್ತಿದ್ದರೆ ಕಿಟ್ ಹಾಕಿ ದುಡ್ಡು ದಂಡ ಮಾಡಬೇಡಿ. ಹೊಸ ಪಂಪೇ ತನ್ನಿ.

ಹಳೇ ಪಂಪ್ ಯಾಕೆ ಸವೆಯಿತು? ಇದನ್ನು ಕೇಳದೇ ಹೊಸದನ್ನು ಕೂರಿಸುವವರೇ ಜಾಸ್ತಿ. ಪಂಪಿನ ತಲೆಯ ಮೇಲಿನ ಫ್ಯಾನಿನ ರೆಕ್ಕೆ ಮುರಿದಿರುತ್ತದೆ, ಹೌಸಿಂಗಿನ ಸಾಲುಗಳಲ್ಲಿ ಹುಲ್ಲು ಗಟ್ಟಿಯಾಗಿ ಕೂತಿರುತ್ತದೆ, ಆಯಿಲ್ ಎಳೆಯುವ ಹೋಸ್ ಸೀಳಿ ಗಾಳಿ ಹೀರುತ್ತಿರುತ್ತದೆ. ಇನ್ನೊಂದು ಮುಖ್ಯ ವಿಷಯ: ಪಂಪಿನಿಂದ ಮೋಟರಿಗೆ ಹೋದ ಆಯಿಲ್ ನೇರ ಪಂಪಿಗೇ ವಾಪಸ್ ಬರುತ್ತದೆ. ಫಿಲ್ಟರ್ ದಾಟುವುದು ಚಾರ್ಜ್ ಪಂಪ್ ತುಂಬಿಕೊಡುವಷ್ಟು ಮಾತ್ರ. ಅಂದರೆ ಹಳೇ ಬ್ಲಾಕಿನಿಂದ ಉದುರಿದ ಲೋಹದ ಪುಡಿ ಹೋಸಿನಲ್ಲಿ, ಮೋಟರಿನಲ್ಲಿ ಉಳಿದಿದ್ದರೆ ಮೊದಲ ದಿನವೇ ಹೊಸ ಬ್ಲಾಕಿನ ಮುಖಕ್ಕೆ ಬರುತ್ತದೆ. ಹೋಸ್ ಬಿಚ್ಚಿ ತೊಳೆಯಿರಿ, ಮೋಟರಿನ ಆಯಿಲ್ ಚೆಲ್ಲಿ ಕೈಯಲ್ಲಿ ತಿರುಗಿಸಿ ತೊಳೆಯಿರಿ, ಟ್ಯಾಂಕ್ ಒರೆಸಿ. ಎಳೆ ಬಿಡುವ ಬಟ್ಟೆ ಬೇಡ.

ಜೋಡಿಸುವಾಗ ಎಲ್ಲಾ ಭಾಗವನ್ನೂ ಆಯಿಲಿನಲ್ಲಿ ನೆನೆಸಿಯೇ ಕೂರಿಸಿ. ಶಾಫ್ಟಿನ ಹಲ್ಲಿಗೆ ಟೇಪ್ ಸುತ್ತಿ ಸೀಲ್ ಏರಿಸಿ, ಇಲ್ಲದಿದ್ದರೆ ಸೀಲಿನ ತುಟಿ (ಒಳ ಅಂಚು) ಹರಿಯುತ್ತದೆ.

ಆಮೇಲೆ ಗಾಳಿ ತೆಗೆಯುವುದು. ಹಿಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬೈಪಾಸ್ ತೆರೆದು, ಎಂಜಿನ್ ನಿಧಾನಕ್ಕೆ ಓಡಿಸಿ, ಲಿವರನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ 5-6 ಸಲ ಆಡಿಸಿ. ಬೈಪಾಸ್ ಮುಚ್ಚಿ ಮತ್ತೆ ಹಾಗೇ ಮಾಡಿ. ನಡುವೆ ಆಯಿಲ್ ಮಟ್ಟ ಇಳಿಯುತ್ತದೆ, ತುಂಬಿಸುತ್ತಿರಿ. ಆಯಿಲಿನಲ್ಲಿ ನೊರೆ ಇರುವ ತನಕ ಗಾಡಿಗೆ ಭಾರ ಕೊಡಬೇಡಿ. ಎಲ್ಲಾದರೂ ಸೋರುತ್ತಿದೆ ಅನ್ನಿಸಿದರೆ ರಟ್ಟಿನ ತುಂಡು ಹಿಡಿದು ನೋಡಿ, ಬೆರಳಿನಲ್ಲಲ್ಲ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಂದೇ ಕಡೆ ರಿಪೇರಿ ಮಾಡಿದ್ದರೆ ಆ ಚಕ್ರ ಈಗ ಜೋರು. ಎರಡೂ ಲಿವರ್ ಪೂರ್ತಿ ತಳ್ಳಿದರೂ ಗಾಡಿ ಹಳೇ ಪಂಪಿನ ಕಡೆಗೆ ವಾಲುತ್ತದೆ. ಲಿವರಿನ ಸ್ಟಾಪ್ ಬೋಲ್ಟಿನಿಂದ ಜೋರಿರುವ ಕಡೆಯನ್ನು ಸ್ವಲ್ಪ ತಗ್ಗಿಸಿ ನೇರ ಮಾಡಬಹುದು, ಆದರೆ ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಮಾಡಿ. ತಣ್ಣಗಿದ್ದಾಗ ನೇರ ಓಡಿ, ಬಿಸಿಯಾಗುತ್ತಾ ಹಳೇ ಪಂಪಿನ ಕಡೆಗೆ ಜಾಸ್ತಿ ಜಾಸ್ತಿ ತಿರುಗಿದರೆ ಇನ್ನೊಂದು ಕಿಟ್‌ಗೂ ಆರ್ಡರ್ ಹಾಕಿಬಿಡಿ.